ಗೊಂಬೆ ಪೆಟ್ಟಿಗೆಯಲ್ಲಿ ಸಿಕ್ಕ 117 ಗಂಜೀಫಾ ಎಲೆಗಳು

ನವದೆಹಲಿ: ದಸರೆ ಮುಗಿದು ಗೊಂಬೆಗಳನ್ನು ಒರೆಸಿ ಪೆಟ್ಟಿಗೆಗೆ ಸೇರಿಸುವ ಹೊತ್ತು. ಗಾಜಿಯಾಬಾದಿನ ವೈಶಾಲಿಯಲ್ಲಿ ನೆಲೆಸಿರುವ ಮೈಸೂರು ಮೂಲದ ನಮ್ಮ ಪರಿಚಿತರ ಮನೆಯಲ್ಲಿ ಪೆಟ್ಟಿಗೆಯ ತಳದಿಂದ ಒಂದು ಮರದ ಡಬ್ಬಿ ಹೊರಬಂತು. ಒಳಗೆ ಬಣ್ಣ ಬಳಿದ ದುಂಡನೆಯ ಎಲೆಗಳು. ಮನೆಯ ಹಿರಿಯರಾದ ಅಜ್ಜಿ ನೋಡಿದೊಡನೆ ಗುರುತಿಸಿದರು. ಅವರ ಅತ್ತೆಯವರ ಕಾಲದ ಗಂಜೀಫಾ!

ಹನ್ನೊಂದು ವರ್ಷದ ಮೊಮ್ಮಗ ಪೋಕೆಮಾನ್ ಕಾರ್ಡುಗಳ ಸಂಗ್ರಾಹಕ. ಅವನ ಪಿಕಾಚು ಕಾರ್ಡಿನ ಮೂಲೆಯಲ್ಲಿ 58/102 ಎಂದು ಅಚ್ಚಾಗಿದೆ. ಅಂದರೆ 102 ಕಾರ್ಡುಗಳ ಸೆಟ್ಟಿನಲ್ಲಿ ಇದು 58ನೆಯದು. 1999ರ ಇಂಗ್ಲಿಷ್ ಆವೃತ್ತಿಯ ಆರಂಭದ ಮುದ್ರಣದ ಕೆಲವು ಕಾರ್ಡುಗಳಲ್ಲಿ ಪಿಕಾಚುವಿನ ಕೆನ್ನೆ ಕೆಂಪು, ಉಳಿದವುಗಳಲ್ಲಿ ಹಳದಿ. ನಂಬರ್ ಒಂದೇ ಆದರೂ ಸಂಗ್ರಾಹಕರು ಕೆಂಪು ಕೆನ್ನೆಯನ್ನೇ ಹುಡುಕುತ್ತಾರೆ. ಇಂಥ ಲೆಕ್ಕದಲ್ಲಿ ಪಳಗಿದ ಹುಡುಗ ಸಹಜವಾಗಿಯೇ ಕೇಳಿದ: "ಅಜ್ಜೀ, ಇದ್ರಲ್ಲಿ ನಂಬರೇ ಇಲ್ವಲ್ಲ? ಎಷ್ಟು ಕಾರ್ಡಿನ ಸೆಟ್ಟು ಅಂತ ಹೇಗೆ ಗೊತ್ತಾಗತ್ತೆ?"

"ಎಣಿಸು ಮಗು, ಗೊತ್ತಾಗತ್ತೆ" ಎಂದರು ಅಜ್ಜಿ.

ಎಣಿಸಿದಾಗ 117. ನೆಲದ ಮೇಲೆ ಬಣ್ಣದ ಪ್ರಕಾರ ಸಾಲು ಹಾಕಿದಾಗ ಹತ್ತು ಸಾಲುಗಳಾದವು. ದಶಾವತಾರ ಗಂಜೀಫಾದ ಲೆಕ್ಕ ಇದೇ: ಅವತಾರಕ್ಕೊಂದು ಬಣ್ಣ, ಬಣ್ಣಕ್ಕೆ 12 ಎಲೆ, ಒಟ್ಟು 120. ಪ್ರತಿ ಸಾಲಿನಲ್ಲೂ ಒಬ್ಬ ರಾಜ, ಒಬ್ಬ ಮಂತ್ರಿ, ಮತ್ತೆ ಒಂದರಿಂದ ಹತ್ತರವರೆಗಿನ ಎಲೆಗಳು. ಅಂಕಿ ಬರೆದಿರುವುದಿಲ್ಲ. ಮೀನು ಏಳಿದ್ದರೆ ಅದು ಮತ್ಸ್ಯದ ಏಳು, ಕೊಡಲಿ ಮೂರಿದ್ದರೆ ಪರಶುರಾಮನ ಮೂರು. ಇನ್ನೂ ಒಂದು ಸೊಗಸಿದೆ. ಐದು ಅವತಾರಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು; ಉಳಿದ ಐದರಲ್ಲಿ ಇದು ತಿರುವುಮುರುವು. ಹಗಲಾದರೆ ರಾಮನಿಂದ, ರಾತ್ರಿಯಾದರೆ ಕೃಷ್ಣನಿಂದ ಆಟ ಶುರು.

ಮೊಗಲರ ಗಂಜೀಫಾದಲ್ಲಿ ಎಂಟು ಬಣ್ಣ, 96 ಎಲೆ. ಬಾಬರನ ಆತ್ಮಕಥೆಯಲ್ಲಿ 1527ರಷ್ಟು ಹಿಂದೆಯೇ ಇದರ ಉಲ್ಲೇಖವಿದೆ. ಅಕ್ಬರನ ಆಸ್ಥಾನದ 12 ಬಣ್ಣಗಳ 144 ಎಲೆಯ ಆಟವನ್ನು ಅಬುಲ್ ಫಜಲ್ ವಿವರಿಸಿದ್ದಾನೆ. ಆದರೆ ಎಣಿಕೆಯ ವಿಷಯದಲ್ಲಿ ಎಲ್ಲರನ್ನೂ ಮೀರಿಸಿದವರು ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868). ಅವರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಭಾಗದಲ್ಲಿ 'ಛದ' ಎಂಬ ಹೆಸರಿನ ಎಲೆಯಾಟಗಳ ವಿವರಣೆಯಿದೆ. ಛದದ ಬಣ್ಣವೊಂದರಲ್ಲಿ ಸಾಮಾನ್ಯವಾಗಿ 12 ಸಂಖ್ಯೆಯ ಎಲೆಗಳು, ಆರು ಆಸ್ಥಾನದ ಎಲೆಗಳು. ಕೆಲವು ಆಟಗಳಲ್ಲಿ 18 ಬಣ್ಣಗಳು. ಎಲೆಗಳ ಸಂಖ್ಯೆ 360ರವರೆಗೂ ಹೋಗುತ್ತದೆ. ಇಷ್ಟು ಎಲೆಗಳನ್ನು ಕೈಯಲ್ಲಿ ಹಿಡಿದು ಆಡಿದವರ ಸಹನೆಗೆ ನಮಸ್ಕಾರ! ಅರಮನೆಯ ಹೊರಗೆ ಈ ಆಟ ಹರಡದಿದ್ದುದು ಆಶ್ಚರ್ಯವಲ್ಲ. ನಿಮ್ಮಲ್ಲಿ ಬಿಡಿ ಎಲೆಯೊಂದಿದ್ದು ಅದರಲ್ಲಿ ಹನ್ನೊಂದೋ ಹನ್ನೆರಡೋ ಗುರುತುಗಳಿದ್ದರೆ ಅದು ಛದದ ಎಲೆ ಇರಬಹುದೇ ಎಂದು ಬಲ್ಲವರಲ್ಲಿ ವಿಚಾರಿಸಿ.

ಕೈಯಲ್ಲಿ ಬರೆದದ್ದಾದ್ದರಿಂದ ಊರಿಂದೂರಿಗೆ ವ್ಯತ್ಯಾಸ ಇದ್ದೇ ಇದೆ. ವಾಮನನ ಗುರುತು ಒಂದು ಕಡೆ ಕಮಂಡಲು, ಇನ್ನೊಂದು ಕಡೆ ಕೊಡೆ. ರಾಮನಿಗೆ ಬಿಲ್ಲುಬಾಣವೂ ಉಂಟು, ಕೋತಿಯೂ ಉಂಟು. ಒಡಿಶಾದ ಎಲೆಗಳಲ್ಲಿ ಬುದ್ಧನ ಜಾಗದಲ್ಲಿ ಜಗನ್ನಾಥ ಕೂತಿರುತ್ತಾನೆ. ಇವು ತಪ್ಪುಗಳಲ್ಲ, ಆಯಾ ಊರಿನ ಸಂಪ್ರದಾಯಗಳು.

ವೈಶಾಲಿಯ ಮನೆಗೆ ಬಂದ ಹಳೆ ವಸ್ತುಗಳ ವ್ಯಾಪಾರಿಯೊಬ್ಬರಿಗೆ ಇದಾವುದೂ ಬೇಕಿರಲಿಲ್ಲ. ಹತ್ತು ರಾಜರನ್ನು ಮಾತ್ರ ಕೊಡಿ, ಚೌಕಟ್ಟು ಹಾಕಿಸಿದರೆ ಗೋಡೆಗೆ ಚೆನ್ನ, ಉಳಿದವು ಬರೀ ಚುಕ್ಕೆ ಎಂದರಂತೆ. ಮನೆಯವರೂ ಒಮ್ಮೆ ಮನಸ್ಸು ಮಾಡಿದ್ದರು. ಹೇಗೂ ಸೆಟ್ಟು ಪೂರ್ತಿಯಿಲ್ಲವಲ್ಲ ಎಂಬ ಲೆಕ್ಕ. ಆದರೆ ಆ ಚುಕ್ಕೆಗಳಿಲ್ಲದಿದ್ದರೆ ರಾಜನಿಗೆ ಗೆಲ್ಲಲು ಏನಿದೆ? 117ರಿಂದ ಹತ್ತು ಹೋದರೆ ಉಳಿಯುವ 107 ಎಲೆಗಳನ್ನು ಮುಂದೆ ಯಾರೂ ಆಟವೆಂದು ಗುರುತಿಸಲಾರರು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ ನಿಜ. ಮನೆಮನೆಯ ಡಬ್ಬಿಗಳಲ್ಲಿರುವ ಹಳೆಯ ಎಲೆಗಳನ್ನು ಕಾಯಬೇಕಾದವರು ಮಾತ್ರ ಮನೆಯವರೇ.

ಊರಿನಿಂದ ದೆಹಲಿಗೆ ಸಾಮಾನು ತರುವಾಗ ಇಂಥ ಡಬ್ಬಿ ಕಂಡರೆ ಸದಸ್ಯರು ದಯವಿಟ್ಟು ಮೊದಲು ಎಣಿಸಿ, ಬಣ್ಣದ ಪ್ರಕಾರ ಜೋಡಿಸಿ, ಫೋಟೋ ತೆಗೆದಿಡಿ. ಎಲೆಯ ಹಿಂದೆ ಪೆನ್ಸಿಲ್ಲಿನಿಂದಲೂ ನಂಬರ್ ಹಾಕಬೇಡಿ. ಹಿಂಬದಿ ಎಲ್ಲವೂ ಒಂದೇ ರೀತಿ ಇರಬೇಕಾದದ್ದು ಆಟದ ನಿಯಮ.

ಅಜ್ಜಿ ವ್ಯಾಪಾರಿಯನ್ನು ಕಾಫಿ ಕೊಟ್ಟು ಕಳುಹಿಸಿದರು. ಮೊಮ್ಮಗ ಕಾಣೆಯಾದ ಮೂರರ ಹೆಸರನ್ನು ಚೀಟಿಯಲ್ಲಿ ಬರೆದು ಡಬ್ಬಿಯೊಳಗಿಟ್ಟಿದ್ದಾನೆ: ವರಾಹದ ಏಳು, ವಾಮನನ ಎರಡು, ಕೃಷ್ಣನ ಮಂತ್ರಿ. ಮೈಸೂರಿನಲ್ಲಿರುವ ನಾದಿನಿಯ ಮನೆಯ ಗೊಂಬೆ ಪೆಟ್ಟಿಗೆಯನ್ನೂ ಒಮ್ಮೆ ನೋಡಿಸಬೇಕೆಂದು ಅಜ್ಜಿ ಫೋನ್ ಮಾಡಿದ್ದಾರೆ.