ಸಾಕುನಾಯಿಯು ತನ್ನ ಗೂಡನ್ನು ಮಲಿನಗೊಳಿಸುವುದೇಕೆ?

ಮನುಷ್ಯನ ಸಹವಾಸಕ್ಕೆ ಬಂದ ಪ್ರಾಣಿಗಳಲ್ಲಿ ನಾಯಿಯೇ ಎಲ್ಲಕ್ಕಿಂತಲೂ ಹಳೆಯದು. ಗೋವು, ಕುದುರೆಗಳು ನಮ್ಮ ಹಟ್ಟಿಯನ್ನು ಸೇರುವುದಕ್ಕೆ ಎಷ್ಟೋ ಸಾವಿರ ವರ್ಷಗಳ ಮೊದಲೇ ಅದು ನಮ್ಮ ಪೂರ್ವಿಕರ ಬೆಂಕಿಯ ಬಳಿಯಲ್ಲಿ ಮಲಗಿದ್ದಿತು. ನಾಯಿಯಿಂದ ಕಲಿಯಬೇಕಾದ ಗುಣಗಳು ಆರು ಎಂದು ಚಾಣಕ್ಯನೀತಿಯು ಎಣಿಸುತ್ತದೆ. ನಮ್ಮ ಕನ್ನಡ ನಾಡಿನವರಂತೂ ನಾಯಿಗೆ ಕಲ್ಲು ನಿಲ್ಲಿಸಿದವರು. ಮಂಡ್ಯದ ಸೀಮೆಯ ಆತಕೂರಿನಲ್ಲಿ ದೊರೆತ, ಕ್ರಿ. ಶ. 949-50ರ ಕಾಲದ ಶಾಸನವು ಮಣಲೆರನೆಂಬ ವೀರನು ತನ್ನ ಒಡೆಯನಿಂದ ಬೇಡಿ ಪಡೆದ ಕಾಳಿ ಎಂಬ ನಾಯಿಯು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಮಡಿದ ಸಂಗತಿಯನ್ನು ಹೇಳುತ್ತದೆ. ಇಷ್ಟು ಹಳೆಯ ನೆಂಟನನ್ನು ನಾವು ಚೆನ್ನಾಗಿ ಬಲ್ಲೆವೆಂಬ ಅಭಿಮಾನವು ಸಹಜವೇ. ನನ್ನಲ್ಲಿಯೂ ಆ ಅಭಿಮಾನವಿದ್ದಿತು. ಕಳೆದ ಬೇಸಗೆಯಲ್ಲಿ ಅದು ಮುರಿಯಿತು. ಅದು ಮುರಿದ ಬಗೆಯನ್ನು ತಿಳಿಸಿದರೆ ನಾಯಿಯನ್ನು ಸಾಕಿರುವ ಇತರ ಗೃಹಸ್ಥರಿಗೆ ಉಪಕಾರವಾದೀತೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮ ಮರಿಯಮ್ಮನಹಳ್ಳಿಯು ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಸಮೀಪವಾದ ಊರು. ಒಂದು ಕಡೆ ಲಾರಿಗಳು ಹಗಲಿರುಳೂ ಓಡಾಡುವ ಹೆದ್ದಾರಿ; ಮತ್ತೊಂದು ಕಡೆ ಗುಡ್ಡಗಳು. ಹೊಸಪೇಟೆ, ಸಂಡೂರು, ಕಂಪ್ಲಿಗಳ ಗುಡ್ಡದ ಸಾಲಿನಲ್ಲಿ ಚಿರತೆಯ ಸಂಚಾರವುಂಟು. ಚಿರತೆಗೆ ನಾಯಿಯೆಂದರೆ ಸುಲಭವಾದ ಆಹಾರ. ಆದಕಾರಣ ನನ್ನ ಮಗನು ನಮ್ಮ ನಾಯಿಗೆ ರಾತ್ರಿ ಮಲಗಲು ಕಬ್ಬಿಣದ ಸರಳುಗಳ ಒಂದು ಗೂಡನ್ನು ತಂದು ಪಡಸಾಲೆಯಲ್ಲಿರಿಸಿದನು. ಪೇಟೆಯವರು ಇದನ್ನು ಕೇಜು ಎನ್ನುತ್ತಾರೆ. ನಾಯಿಯು ಊರಿನ ಸಾಮಾನ್ಯ ತಳಿಯದು, ಹೆಣ್ಣು, ಕೆಂಪು ಬಣ್ಣದ್ದು. ಕೆಂಚಿ ಎಂದು ಕರೆಯುತ್ತೇವೆ. ರಾತ್ರಿ ಒಂಬತ್ತಕ್ಕೆ ಹಿತ್ತಲಿಗೆ ಹೋಗಿ ಬಂದು ತಾನಾಗಿಯೇ ಗೂಡನ್ನು ಹೊಗುವುದು, ಬೆಳಗಿನ ಐದೂವರೆಗೆ ಬಾಗಿಲು ತೆರೆದೊಡನೆ ಹಿತ್ತಲಿಗೆ ಓಡುವುದು, ಇದು ಐದು ವರ್ಷಗಳಿಂದ ತಪ್ಪದೆ ನಡೆದು ಬಂದ ಕ್ರಮ. ಬಂದವರ ಮುಂದೆ ಕೆಂಚಿಯ ಶಿಸ್ತನ್ನು ಹೊಗಳುವುದು ನನಗೊಂದು ವಿನೋದವಾಗಿದ್ದಿತು.

ವೈಶಾಖದ ಒಂದು ಬೆಳಗ್ಗೆ ಗೂಡಿನ ಚಾಪೆಯು ಒದ್ದೆಯಾಗಿದ್ದಿತು. ಮರುದಿನವೂ ಹಾಗೆಯೇ. ಮೂರನೆಯ ದಿನ ನಾನು ಕೋಪಗೊಂಡೆನು. ಶಾಲೆಯಿಂದ ಎಂದೋ ಬಹಿಷ್ಕೃತವಾಗಿ ಮನೆಯ ಮೂಲೆಯನ್ನು ಸೇರಿದ್ದ ಬೆತ್ತವು ನನ್ನ ಕೈಗೆ ಬಂದಿತು. ಒದ್ದೆಯಾದ ಚಾಪೆಯನ್ನು ತೋರಿಸಿ ಎರಡು ಏಟು ಹಾಕಿದೆನು. ಅದು ಕಿವಿಗಳನ್ನು ಹಿಂದಕ್ಕೆ ಮಡಿಸಿ, ಬಾಲವನ್ನು ಕಾಲುಗಳ ನಡುವೆ ಅಡಗಿಸಿ, ನೆಲಕ್ಕೆ ಅಂಟಿಕೊಂಡಿತು. "ನೋಡು, ತಪ್ಪು ಮಾಡಿದೆನೆಂದು ಅದಕ್ಕೇ ಗೊತ್ತಿದೆ" ಎಂದು ನಾನು ಮನೆಯವಳಿಗೆ ಹೇಳಿದೆನು. ನಾಲ್ಕನೆಯ ದಿನವೂ ಚಾಪೆ ಒದ್ದೆ. ನಾಲ್ಕನೆಯ ದಿನವೂ ಏಟು.

ಅಂದು ಮಧ್ಯಾಹ್ನ ಮನೆಯವಳು ನನ್ನ ಬಳಿಗೆ ಬಂದು, "ನೋಡ್ರಿ, ಮುಂಜಾನೆಯಿಂದ ಅದರ ನೀರಿನ ಬೋಗುಣಿ ಮೂರು ಸಲ ತುಂಬಿಸೀನಿ, ಮೂರು ಸಲ ಖಾಲಿ ಆಗೇದ. ಅನ್ನ ಮಾತ್ರ ಮುಟ್ಟಿಲ್ಲ. ಇದು ಹಟದ್ದಲ್ಲ, ಜಡ್ಡಿಂದು" ಎಂದಳು. ನನಗೆ ಬೆತ್ತ ಕಂಡಿತ್ತು. ಅವಳಿಗೆ ಬೋಗುಣಿ ಕಂಡಿತ್ತು. ಆ ಕ್ಷಣದಲ್ಲಿಯೇ ಗಾಡಿ ಮಾಡಿಕೊಂಡು ಹೊಸಪೇಟೆಗೆ ಹೋದೆವು. ಪಶುವೈದ್ಯರು ಮೊದಲು ಕೇಳಿದ ಪ್ರಶ್ನೆಯು, "ಮೇಷ್ಟ್ರೇ, ಇದು ಬೆದೆಗೆ ಬಂದು ಎಷ್ಟು ದಿನವಾಯಿತು?" ಎಂಬುದು. ಒಂದೂವರೆ ತಿಂಗಳಾಗಿದ್ದಿತು. ಅವರು ಹೊಟ್ಟೆಯನ್ನು ಸ್ಕ್ಯಾನ್ ಮಾಡಿ ನೋಡಿ, ಗರ್ಭಕೋಶದ ತುಂಬ ಕೀವು ಸೇರಿದೆಯೆಂದೂ, ಅಂದೇ ಶಸ್ತ್ರಚಿಕಿತ್ಸೆಯಾಗದಿದ್ದರೆ ಪ್ರಾಣಕ್ಕೆ ಅಪಾಯವೆಂದೂ ತಿಳಿಸಿದರು.

ಪಯೋಮೆಟ್ರ ಎಂದು ಕರೆಯುವ ಈ ವ್ಯಾಧಿಯು ಸಂತಾನಹರಣ ಚಿಕಿತ್ಸೆಯಾಗದ ಹೆಣ್ಣುನಾಯಿಗಳಿಗೆ, ಅದರಲ್ಲಿಯೂ ನಡುವಯಸ್ಸು ದಾಟಿದವುಗಳಿಗೆ, ಬೆದೆ ಮುಗಿದ ಕೆಲವು ವಾರಗಳಲ್ಲಿ ಬರತಕ್ಕದ್ದು. ಗರ್ಭಕೋಶದಲ್ಲಿ ಬೆಳೆದ ಸೂಕ್ಷ್ಮಾಣುಗಳ ವಿಷವು ರಕ್ತವನ್ನು ಸೇರಿ, ಮೂತ್ರವನ್ನು ಗಟ್ಟಿಗೊಳಿಸುವ ಮೂತ್ರಪಿಂಡಗಳ ಶಕ್ತಿಯನ್ನು ಕುಂದಿಸುತ್ತದೆ. ಆಗ ಮೂತ್ರವು ನೀರಿನಂತೆ ಹೇರಳವಾಗಿ ಹೊರಡುತ್ತದೆ; ಕಳೆದುಕೊಂಡ ನೀರಿಗಾಗಿ ಪ್ರಾಣಿಯು ಮತ್ತೆ ಮತ್ತೆ ಕುಡಿಯುತ್ತದೆ. ಕೆಲವು ನಾಯಿಗಳಲ್ಲಿ ಕೀವು ಹೊರಕ್ಕೆ ಸ್ರವಿಸುವುದರಿಂದ ರೋಗವು ತಿಳಿಯುವುದು. ಗರ್ಭಕೋಶದ ದ್ವಾರವು ಮುಚ್ಚಿಕೊಂಡಿದ್ದರೆ ಹೊರಗೆ ಏನೂ ಕಾಣುವುದಿಲ್ಲ, ಅಪಾಯವು ಮಾತ್ರ ಹೆಚ್ಚು. ಕೆಂಚಿಯದು ಎರಡನೆಯ ಬಗೆ. ನಾನು ಹೊಡೆದ ನಾಯಿಯು ಶಿಸ್ತನ್ನು ಮರೆತದ್ದಲ್ಲ, ಸಾವಿಗೆ ಸಮೀಪವಾಗಿದ್ದದ್ದು. ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಹಾಕಿದರು, ದೈವಕೃಪೆಯಿಂದ ಬದುಕಿತು. ಎಳೆಯದರಲ್ಲಿಯೇ ಆ ಚಿಕಿತ್ಸೆಯನ್ನು ಮಾಡಿಸಿದ್ದರೆ ಈ ಕಷ್ಟವೇ ಬರುತ್ತಿರಲಿಲ್ಲ.

ಇನ್ನು ಪ್ರಕೃತವಿಷಯಕ್ಕೆ ಬರೋಣ. ಮಲಗುವ ಎಡೆಯನ್ನು ಶುಚಿಯಾಗಿಟ್ಟುಕೊಳ್ಳುವುದು ನಾಯಿಯ ಜನ್ಮಗುಣ. ಕಣ್ಣು ಬಿಡದ ಮರಿಗಳನ್ನು ತಾಯಿಯೇ ನೆಕ್ಕಿ ಶುಚಿಗೊಳಿಸುತ್ತದೆ. ಸುಮಾರು ಮೂರು ವಾರಗಳಾಗಿ ನಡೆಯಬಲ್ಲವಾದೊಡನೆ ಮರಿಗಳು ತಾವಾಗಿಯೇ ಹಾಸಿಗೆಯಿಂದ ದೂರ ಸರಿದು ಮಲಮೂತ್ರಗಳನ್ನು ವಿಸರ್ಜಿಸುತ್ತವೆ. ಗೂಡಿನ ಅಭ್ಯಾಸವು ನಿಂತಿರುವುದು ಈ ಗುಣದ ಮೇಲೆಯೇ. ಆದುದರಿಂದ ಚೆನ್ನಾಗಿ ಪಳಗಿದ ನಾಯಿಯು ಹಠಾತ್ತಾಗಿ ಗೂಡನ್ನು ಕೆಡಿಸಿದರೆ, ತನ್ನ ಸ್ವಭಾವಕ್ಕೆ ವಿರುದ್ಧವಾಗಿ ನಡೆಯುವಂತೆ ಅದನ್ನು ಯಾವುದೋ ಕಾರಣವು ಬಲಾತ್ಕರಿಸಿದೆಯೆಂದು ತಿಳಿಯತಕ್ಕದ್ದು.

ಮೊದಲನೆಯದಾಗಿ ಶರೀರದ ಕಾರಣವನ್ನು ಶೋಧಿಸಬೇಕು. ಮೂತ್ರಕೋಶದ ಸೋಂಕು ಅಥವಾ ಕಲ್ಲು ಇದ್ದರೆ ನಾಯಿಯು ಮೇಲಿಂದ ಮೇಲೆ ಸ್ವಲ್ಪ ಸ್ವಲ್ಪವಾಗಿ ಮೂತ್ರ ಮಾಡುತ್ತದೆ, ತಿಣುಕುತ್ತದೆ, ಕೆಲವೊಮ್ಮೆ ರಕ್ತವೂ ಕಾಣುವುದು. ಗಂಡುನಾಯಿಗೆ ಕಲ್ಲು ಅಡ್ಡವಾಗಿ ಮೂತ್ರವೇ ಕಟ್ಟಿಹೋದರೆ ಒಂದು ದಿನವೂ ಕಾಯಕೂಡದು. ಮಧುಮೇಹ, ಮೂತ್ರಪಿಂಡದ ರೋಗಗಳಲ್ಲಿ ಬಾಯಾರಿಕೆಯೂ ಮೂತ್ರವೂ ಜೊತೆಯಾಗಿ ಹೆಚ್ಚುತ್ತವೆ. ಕಜ್ಜಿ ತುರಿಕೆಗಳಿಗಾಗಿ ಕೊಡುವ ಸ್ಟಿರಾಯ್ಡ್ ಗುಳಿಗೆಗಳಿಂದಲೂ ಹಾಗೆಯೇ ಆಗುವುದು. ಆದರೆ ಅವನ್ನು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು. ಸಂತಾನಹರಣವಾದ ಕೆಲವು ಹೆಣ್ಣುನಾಯಿಗಳಿಗೆ ನಿದ್ರೆಯಲ್ಲಿ ಅರಿವಿಲ್ಲದೆ ಮೂತ್ರವು ಜಿನುಗುವುದುಂಟು, ಅದಕ್ಕೆ ಔಷಧವಿದೆ. ಮಲದಿಂದ ಗೂಡು ಕೆಟ್ಟಿದ್ದರೆ ಜಂತುಹುಳು, ಹಳಸಿದ ಅನ್ನ, ಆಹಾರದ ಹಠಾತ್ ಬದಲಾವಣೆ ಇವುಗಳನ್ನು ಸಂಶಯಿಸಬೇಕು. ಮುದಿಯಾದ ನಾಯಿಗೆ ಸಂಧಿವಾತದಿಂದ ಏಳುವುದೇ ಕಷ್ಟವಾಗಬಹುದು. ಮುದುಕರಿಗೆ ಬರುವ ಮರೆವಿನಂತಹುದೇ ಒಂದು ಮರೆವು ನಾಯಿಗಳಿಗೂ ಬರುವುದು.

ಎರಡನೆಯದು ನಮ್ಮ ದಿನಚರಿಯ ಕಾರಣ. ನಾಯಿಮರಿಯು ತನ್ನ ವಯಸ್ಸಿನ ತಿಂಗಳುಗಳ ಸಂಖ್ಯೆಗೆ ಒಂದನ್ನು ಕೂಡಿಸಿದಷ್ಟು ಗಂಟೆ ತಡೆಯಬಲ್ಲುದೆಂಬುದು ಒಂದು ಸ್ಥೂಲವಾದ ಲೆಕ್ಕ. ಮೂರು ತಿಂಗಳ ಮರಿಗೆ ನಾಲ್ಕು ಗಂಟೆಯೇ ಪರಮಾವಧಿ. ಬೆಳೆದ ನಾಯಿಗೆ ರಾತ್ರಿ ಏಳೆಂಟು ಗಂಟೆ ಸಾಧ್ಯ. ಮನೆಯ ಮಗನು ಕಾರ್ಖಾನೆಯ ಪಾಳಿ ಬದಲಾಗಿ ತಡವಾಗಿ ಬರತೊಡಗಿದರೆ, ಅಥವಾ ಊಟವನ್ನು ರಾತ್ರಿ ಹತ್ತಕ್ಕೆ ಹಾಕಿದರೆ, ಗೂಡು ಕೆಡುವುದು ನಾಯಿಯ ದೋಷವಲ್ಲ, ಗಡಿಯಾರದ ದೋಷ. ಸಂಜೆಯಲ್ಲಿಯೇ ಊಟ ಹಾಕಿ, ಮಲಗುವ ಮುನ್ನ ತಪ್ಪದೆ ಹೊರಕ್ಕೆ ಕರೆದೊಯ್ಯಬೇಕು. ಆದರೆ ಒದ್ದೆಯಾಗುವುದೆಂದು ನೀರನ್ನು ತಡೆಯುವುದು ಮಹಾಪರಾಧ. ನಮ್ಮ ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಅದು ಪ್ರಾಣಕ್ಕೇ ಎರವಾದೀತು.

ಮೂರನೆಯದು ಗೂಡಿನದು. ನಾಯಿಯು ನಿಂತು, ತಿರುಗಿ, ಕೈಕಾಲು ಚಾಚಿ ಮಲಗುವಷ್ಟು ಸ್ಥಳವಿರಬೇಕು. ಮರಿಗೆ ಅದಕ್ಕಿಂತ ಬಹಳ ದೊಡ್ಡದಾದರೆ ಅದು ಒಂದು ಮೂಲೆಯನ್ನು ಶಯ್ಯೆಗೆ, ಮತ್ತೊಂದನ್ನು ಶೌಚಕ್ಕೆ ಹಂಚಿಕೊಳ್ಳುವುದು. ಒಮ್ಮೆ ಒದ್ದೆಯಾದ ಎಡೆಯಲ್ಲಿ ನಮಗೆ ತಿಳಿಯದ ವಾಸನೆಯು ಅದಕ್ಕೆ ತಿಳಿಯುತ್ತದೆ, ಮತ್ತೆ ಅಲ್ಲಿಗೇ ಕರೆಯುತ್ತದೆ. ಫಿನೈಲು ನಾಯಿಯ ಚರ್ಮಕ್ಕೂ ಮೂಗಿಗೂ ಹಿತವಲ್ಲ. ಅಮೋನಿಯಾ ಬೆರೆತ ದ್ರಾವಣಗಳ ವಾಸನೆಯಂತೂ ಮೂತ್ರವನ್ನೇ ನೆನಪಿಗೆ ತರುತ್ತದೆ. ಸಾಬೂನಿನ ನೀರಿನಲ್ಲಿ ತೊಳೆದು, ಮೂತ್ರದ ಅಂಶವನ್ನೇ ಕರಗಿಸುವ ಕಿಣ್ವಗಳುಳ್ಳ ದ್ರಾವಣವನ್ನು ಬಳಸಿ, ಬಿಸಿಲಿನಲ್ಲಿ ಒಣಗಿಸುವುದು ಮೇಲು. ತೊಳೆಯುವವರು ಕೈಚೀಲವನ್ನು ಧರಿಸಲೇಬೇಕು. ಇಲಿಜ್ವರದ ಸೂಕ್ಷ್ಮಾಣುಗಳು ನಾಯಿಯ ಮೂತ್ರದ ಮೂಲಕ ಮನುಷ್ಯರಿಗೂ ಹರಡಬಲ್ಲವು. ಅದಕ್ಕೆ ನಾಯಿಗೆ ಲಸಿಕೆಯುಂಟು.

ನಾಲ್ಕನೆಯದು ಮನಸ್ಸಿನ ಕಾರಣ. ದೀಪಾವಳಿಯ ಪಟಾಕಿ, ಮೆರವಣಿಗೆಯ ಧ್ವನಿವರ್ಧಕ, ಗುಡುಗು ಇವುಗಳಿಗೆ ಬೆದರಿದ ನಾಯಿಯು ತಡೆಯಲಾರದೆ ಹೋಗುವುದು. ಮಕ್ಕಳು ಪರಸ್ಥಳಕ್ಕೆ ಓದಲು ಹೋದಾಗ, ಮನೆಯಲ್ಲಿ ಸಾವು ಸಂಭವಿಸಿದಾಗ, ಅದಕ್ಕೂ ವಿರಹವುಂಟಾಗುತ್ತದೆ. ಒಂಟಿಯಾದೊಡನೆ ಜೊಲ್ಲು ಸುರಿಸಿ, ಸರಳುಗಳನ್ನು ಕಚ್ಚಿ, ಕೂಗಿ, ಗೂಡನ್ನು ಕೆಡಿಸುವ ನಾಯಿಯನ್ನು ಮತ್ತಷ್ಟು ಹೊತ್ತು ಕೂಡಿಹಾಕುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಅದನ್ನು ಕೆಲಕಾಲ ಗೂಡಿನಿಂದ ಬಿಡಿಸಿ, ಒಂಟಿತನವನ್ನು ಕ್ಷಣಕ್ಷಣವಾಗಿ, ಮೆಲ್ಲಮೆಲ್ಲನೆ ಅಭ್ಯಾಸ ಮಾಡಿಸಬೇಕು.

ದಂಡನೆಯಿಂದ ಇವುಗಳಲ್ಲಿ ಯಾವೊಂದೂ ವಾಸಿಯಾಗದು. ರಾತ್ರಿ ನಡೆದುದಕ್ಕೆ ಬೆಳಗ್ಗೆ ಹೊಡೆದರೆ, ಏಟಿಗೂ ಚಾಪೆಗೂ ಇರುವ ಸಂಬಂಧವು ನಾಯಿಗೆ ತಿಳಿಯುವುದಿಲ್ಲ. ಬೆಳಗ್ಗೆ ಯಜಮಾನನು ಬಂದರೆ ನೋವು ಬರುವುದೆಂಬುದು ಮಾತ್ರ ತಿಳಿಯುತ್ತದೆ. ಹಾಗಾದರೆ ಆ ಅಪರಾಧಿಯ ಮುಖಭಾವವೇನು? 2009ರಲ್ಲಿ ಅಮೆರಿಕೆಯ ವಿದುಷಿ ಅಲೆಕ್ಸಾಂಡ್ರಾ ಹೊರೊವಿಟ್ಸ್ ಅವರು ಹದಿನಾಲ್ಕು ನಾಯಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಮುಟ್ಟಬಾರದೆಂದು ಆಜ್ಞಾಪಿಸಿದ ತಿಂಡಿಯನ್ನು ನಾಯಿಯು ತಿಂದಿತ್ತೋ ಇಲ್ಲವೋ ಎಂಬುದಕ್ಕೂ ಆ ಮುಖಭಾವಕ್ಕೂ ಸಂಬಂಧವಿರಲಿಲ್ಲ. ಯಜಮಾನನು ಗದರಿಸಿದಾಗ ಅದು ಹೆಚ್ಚಾಗಿ ತೋರುತ್ತಿತ್ತು. ತಿನ್ನದೆಯೇ ಗದರಿಕೆಗೆ ಗುರಿಯಾದ ನಾಯಿಗಳಲ್ಲಿ ಮತ್ತಷ್ಟು ಹೆಚ್ಚಾಗಿ ಕಂಡಿತು. ಅದೇ 2009ರ ಶಿಕ್ಷಣ ಹಕ್ಕಿನ ಕಾಯಿದೆಯು ನಮ್ಮ ಶಾಲೆಗಳಲ್ಲಿ ಮಕ್ಕಳ ದೇಹದಂಡನೆಯನ್ನು ನಿಷೇಧಿಸಿತು. ಆ ನಿಷೇಧವನ್ನು ನಾನು ಶಾಲೆಯಲ್ಲಿ ಪಾಲಿಸಿದೆನು; ಮನೆಗೆ ಬಂದ ಮೇಲೆ ಮರೆತೆನು.

ಕೆಂಚಿಯು ಚಿಕಿತ್ಸೆಯ ಮತ್ತಿನಲ್ಲಿ ಮಲಗಿದ್ದಾಗ ನನಗೆ ಮಹಾಭಾರತದ ಆದಿಪರ್ವದ ಸರಮೆಯ ಕಥೆಯು ನೆನಪಾಯಿತು. ಜನಮೇಜಯನ ಸತ್ರದ ಬಳಿಗೆ ಬಂದ ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆದು ಅಟ್ಟುತ್ತಾರೆ. ಅದು ಅಳುತ್ತ ತಾಯಿಯಾದ ಸರಮೆಯ ಬಳಿಗೆ ಹೋಗುತ್ತದೆ. ನೀನೇ ಏನಾದರೂ ತಪ್ಪು ಮಾಡಿರಬೇಕೆಂದು ತಾಯಿಯು ಹೇಳಿದಾಗ, ನಾನು ಹವಿಸ್ಸನ್ನು ನೆಕ್ಕಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲವೆಂದು ಅದು ಉತ್ತರ ಕೊಡುತ್ತದೆ. ಸರಮೆಯು ಯಜ್ಞಶಾಲೆಗೆ ಬಂದು, ನಿರಪರಾಧಿಯನ್ನೇಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅಲ್ಲಿದ್ದವರು ಯಾರೂ ಉತ್ತರ ಕೊಡಲಿಲ್ಲ. ಆಗ ಅವಳು, ಕಾಣದ ಭಯವೊಂದು ನಿಮಗೆ ಬರಲೆಂದು ಶಪಿಸುತ್ತಾಳೆ. ಈ ಕಥೆಯನ್ನು ನಾನು ಎಷ್ಟೋ ಸಲ ಮಕ್ಕಳಿಗೆ ಹೇಳಿದ್ದೇನೆ. ಅಷ್ಟು ದೊಡ್ಡ ಗ್ರಂಥವು ಹೊಡೆಸಿಕೊಂಡ ನಾಯಿಮರಿಯೊಂದರ ದೂರಿಗೆ ತನ್ನ ಆರಂಭದ ಭಾಗದಲ್ಲಿಯೇ ಏಕೆ ಎಡೆಗೊಟ್ಟಿದೆಯೆಂಬುದು ಅಂದು ಆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ ನನಗೆ ಹೊಳೆಯಿತು.

ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಪಳಗಿದ ನಾಯಿಯು ಗೂಡನ್ನು ಕೆಡಿಸಿದ ದಿನ ಮೊದಲು ನೀರಿನ ಬೋಗುಣಿಯನ್ನು ನೋಡಿರಿ. ಅನ್ನದ ತಟ್ಟೆಯನ್ನು ನೋಡಿರಿ. ಹೆಣ್ಣಾದರೆ ಬೆದೆಯ ದಿನಗಳನ್ನು ಎಣಿಸಿರಿ. ಮನೆಯ ವೇಳೆಯಲ್ಲಿ ಏನು ಬದಲಾಯಿತೆಂದು ಆಲೋಚಿಸಿರಿ. ಎರಡನೆಯ ದಿನವೂ ಹಾಗೆಯೇ ಆದರೆ ಮೂತ್ರದ ಮಾದರಿಯನ್ನು ಶುಚಿಯಾದ ಸೀಸೆಯಲ್ಲಿ ಹಿಡಿದುಕೊಂಡು ನಾಯಿಯೊಡನೆ ವೈದ್ಯರಲ್ಲಿಗೆ ಹೋಗಿರಿ. ಶಾಲೆಯ ಹುಡುಗನಾದರೆ ಏಕೆ ಹೀಗಾಯಿತೆಂದು ಕೇಳಿದಾಗ ಕಾರಣವನ್ನು ಹೇಳಬಲ್ಲನು. ಈ ಮೂಕಪ್ರಾಣಿಗೆ ಒದ್ದೆಯಾದ ಚಾಪೆಯೇ ಮಾತು.

ಕೆಂಚಿಯು ಈಗ ಮೊದಲಿನಂತೆಯೇ ಒಂಬತ್ತಕ್ಕೆ ಗೂಡನ್ನು ಹೊಗುತ್ತದೆ. ಆದರೆ ಬೆಳಗ್ಗೆ ನಾನು ಬಾಗಿಲನ್ನು ತೆರೆಯಲು ಹೋದಾಗ ಇಂದಿಗೂ ಒಂದು ನಿಮಿಷ ಕಿವಿಗಳನ್ನು ಹಿಂದಕ್ಕೆ ಮಡಿಸಿ ನನ್ನ ಕೈಯನ್ನು ನೋಡುತ್ತದೆ. ಕೈಯಲ್ಲಿ ಏನೂ ಇಲ್ಲವೆಂದು ಖಚಿತವಾದ ಮೇಲೆ ಹೊರಕ್ಕೆ ಬರುತ್ತದೆ. ಬೆತ್ತವನ್ನು ನಾನು ಅಂದೇ ಮುರಿದು ಒಲೆಗೆ ಹಾಕಿದೆನು.