ಗುಳಿಗಳ ನಾಡು: ಜಮೈಕಾದ ಕಾಕ್‌ಪಿಟ್ ಕಂಟ್ರಿ

ಜಮೈಕಾಕ್ಕೆ ಹೋಗುವ ಪ್ರವಾಸಿಗರಲ್ಲಿ ಹೆಚ್ಚಿನವರು ಮಾಂಟೆಗೊ ಬೇ, ನೆಗ್ರಿಲ್, ಓಚೊ ರಿಯೊಸ್‌ಗಳ ಕಡಲತೀರದ ರೆಸಾರ್ಟುಗಳಲ್ಲೇ ರಜೆ ಮುಗಿಸಿ ಮರಳುತ್ತಾರೆ. ಮಾಂಟೆಗೊ ಬೇ ಬಿಟ್ಟು ಒಳನಾಡಿಗೆ ಹೊರಟರೆ ಸಿಗುವುದು ಕಾಕ್‌ಪಿಟ್ ಕಂಟ್ರಿ. ಮೇಲಿಂದ ನೋಡಿದರೆ ಮೊಟ್ಟೆ ಟ್ರೇ ಹರಡಿಟ್ಟಂತಿದೆ: ದುಂಡನೆಯ ಗುಡ್ಡ, ಮಗ್ಗುಲಲ್ಲೇ ಆಳದ ಗುಳಿ, ಮತ್ತೆ ಗುಡ್ಡ. ಸುಣ್ಣಕಲ್ಲು ಕರಗಿ ರೂಪುಗೊಳ್ಳುವ ಇಂಥ ನೆಲವನ್ನು ಭೂವಿಜ್ಞಾನಿಗಳು ಕಾರ್ಸ್ಟ್ ಎನ್ನುತ್ತಾರೆ. ವ್ಯಾಖ್ಯೆ ಇಷ್ಟು ಸಾಕು.

ಓದುಗರು ಎಡವುವುದು ಇದರ ಮುಂದಿನ ಮೆಟ್ಟಿಲಲ್ಲಿ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ, ತುಸು ಆಮ್ಲವಾಗಿ ಕಲ್ಲನ್ನು ಕರಗಿಸುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೇವೆ. ಸುಳ್ಳಲ್ಲ, ಆದರೆ ಗಾಳಿಯ ಪಾಲು ಸಣ್ಣದು. ಬೇರುಗಳು ಉಸಿರಾಡುತ್ತವೆ, ಸೂಕ್ಷ್ಮಜೀವಿಗಳು ತರಗೆಲೆ ಕೊಳೆಸುತ್ತವೆ. ಹಾಗಾಗಿ ಮಣ್ಣಿನ ಸಂದುಗಳಲ್ಲಿ ಇದೇ ಅನಿಲ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಕಲ್ಲು ಕರಗಿಸುವ ಕೆಲಸದಲ್ಲಿ ಕಾಡಿನದೇ ದೊಡ್ಡ ಕೈ! ಗುಡ್ಡದ ನೆತ್ತಿಯ ಮೇಲೆ ನೀರೂ ನಿಲ್ಲುವುದಿಲ್ಲ, ಮಣ್ಣೂ ನಿಲ್ಲುವುದಿಲ್ಲ. ಎರಡೂ ಜಾರಿ ಸೇರುವುದು ಗುಳಿಯ ತಳಕ್ಕೆ. ಅಲ್ಲಿ ಮಣ್ಣು ದಪ್ಪ, ತೇವ ಹೆಚ್ಚು, ಗಿಡ ಹುಲುಸು. ನೀರಿನ ಆಮ್ಲವೂ ಚುರುಕು. ಆಳವಾದ ಕಡೆಯೇ ಇನ್ನಷ್ಟು ಆಳವಾಗುತ್ತದೆ, ಗುಡ್ಡ ನಿಧಾನಕ್ಕೆ ಸವೆಯುತ್ತ ಎತ್ತರವಾಗಿಯೇ ಉಳಿಯುತ್ತದೆ. ಮೊದಲಿಗೆ ಬೇಕಾದದ್ದು ಬಂಡೆಯಲ್ಲೊಂದು ಬಿರುಕು, ಅಷ್ಟೇ. ಇದನ್ನು ಎಷ್ಟು ಸಲ ವಿವರಿಸಿದರೂ ನನಗೆ ಬೇಸರವಿಲ್ಲ.

ತಳ ಸೇರಿದ ನೀರು ಗುಹೆಗಳ ದಾರಿ ಹಿಡಿದು ಅಂಚಿನಲ್ಲಿ ಬುಗ್ಗೆಯಾಗಿ ಏಳುತ್ತದೆ. ಉತ್ತರದ ಮಾರ್ಥಾ ಬ್ರೇ, ದಕ್ಷಿಣದ ಬ್ಲ್ಯಾಕ್ ರಿವರ್ ನದಿಗಳಿಗೆ ಅದೇ ಜೀವಾಳ. ನಡುನಾಡಿನಲ್ಲಿ ಮಾತ್ರ ಎಷ್ಟು ಮಳೆ ಸುರಿದರೂ ಹರಿಯುವ ಹಳ್ಳ ಸಿಗುವುದು ಕಷ್ಟ.

ಕಬ್ಬಿನ ತೋಟಗಳ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಆಫ್ರಿಕನ್ನರಿಗೆ, ಅಂದರೆ ಮರೂನರಿಗೆ, ಈ ನೆಲವೇ ಕೋಟೆಯಾಯಿತು. ಸಾಲಾಗಿ ಬಂದ ಬ್ರಿಟಿಷ್ ಸೈನಿಕರು ಗುಳಿಗಳ ನಡುವೆ ದಾರಿ ತಪ್ಪಿ, ಬಾಯಾರಿ, ಹೊಂಚಿಗೆ ಬಲಿಯಾದರು. 1739ರಲ್ಲಿ ಸರ್ಕಾರವೇ ಕುಡ್ಜೊ ಎಂಬ ನಾಯಕನೊಡನೆ ಒಪ್ಪಂದಕ್ಕೆ ಬಂತು. ಮರೂನರಿಗೆ ಸ್ವಾತಂತ್ರ್ಯ, ಜಮೀನು ಸಿಕ್ಕವು. ಮುಂದೆ ಓಡಿಬರುವ ಗುಲಾಮರನ್ನು ಹಿಡಿದೊಪ್ಪಿಸಬೇಕೆಂಬ ಷರತ್ತೂ ಇತ್ತು. ಈ ಕಹಿಯನ್ನು ಮುಚ್ಚಿಟ್ಟು ಹೇಳುವ ವೀರಗಾಥೆಗಳು ನನಗೆ ರುಚಿಸುವುದಿಲ್ಲ.

ಮರೂನರ ಅಕಾಂಪಾಂಗ್ ಊರಿನಲ್ಲಿ ಪ್ರತಿ ಜನವರಿ 6ರಂದು ಆ ಒಪ್ಪಂದದ ಸ್ಮರಣೋತ್ಸವ ನಡೆಯುತ್ತದೆ. ಅಂದು ಮೊಳಗುವ ಅಬೆಂಗ್ ದನದ ಕೊಂಬಿನ ವಾದ್ಯ. ಊದುವ ತೂತು ಕೊಂಬಿನ ಪಕ್ಕದಲ್ಲಿ. ತುದಿಯ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ ತೆರೆದು ಸ್ವರ ಬದಲಿಸುತ್ತಾರೆ. ಹಿಂದೆ ಬೆಟ್ಟದಿಂದ ಬೆಟ್ಟಕ್ಕೆ ಎಚ್ಚರಿಕೆ ಸಾಗುತ್ತಿದ್ದುದು ಹೀಗೆ.

ಗುಳಿಗಳ ಕೆಂಪು ಮಣ್ಣಿನಲ್ಲಿ ದಿಣ್ಣೆ ಮಾಡಿ, ಕೋಲು ನೆಟ್ಟು, ಯಾಮ್ ಗೆಣಸಿನ ಬಳ್ಳಿ ಹಬ್ಬಿಸುತ್ತಾರೆ. ಈ ಸೀಮೆಯ ಅಂಚಿನ ಹಳ್ಳಿಯೊಂದರಲ್ಲೇ ಓಟಗಾರ ಉಸೇನ್ ಬೋಲ್ಟ್ ಹುಟ್ಟಿದ್ದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬೋಲ್ಟ್ ಗೆದ್ದ ಬಳಿಕ, ಆ ವೇಗದ ಗುಟ್ಟೆಂದು ಆ ಗೆಣಸಿಗೂ ಹೆಸರು ಬಂತು! ಆದರೆ ಅದೇ ಕೆಂಪು ಮಣ್ಣು ಅಲ್ಯೂಮಿನಿಯಂ ಅದಿರಾದ ಬಾಕ್ಸೈಟ್ ಕೂಡ. 2017ರಲ್ಲಿ ಸರ್ಕಾರ ರಕ್ಷಿತ ಪ್ರದೇಶದ ಗಡಿ ಘೋಷಿಸಿತಾದರೂ, ಗಡಿಯಾಚೆ ಗಣಿ ತೆಗೆಯುವ ವಿವಾದ ತಣ್ಣಗಾಗಲಿಲ್ಲ. ಒಂದು ಗುಳಿಯಲ್ಲಿ ಬಣ್ಣ ಸುರಿದು, ಅದು ಯಾವ ಬುಗ್ಗೆಯಲ್ಲಿ ಕಾಣಿಸುತ್ತದೆಂದು ಕಾಯುವ ಪರೀಕ್ಷೆಯಿದೆ. ಯಾವ ಗುಳಿ ಕೆದಕಿದರೆ ಯಾರ ನೀರು ಕೆಡುತ್ತದೆಂದು ತಿಳಿಯುವುದು ಅದರಿಂದಲೇ. ಭೂವಿಜ್ಞಾನ ಓದುತ್ತಿರುವ ತರುಣರು ಈ ವಿದ್ಯೆಯತ್ತ ದಯವಿಟ್ಟು ಗಮನ ಹರಿಸಿ.