ಹೇಳಿ ಕಟ್ಟಿದ ಸುಳ್ಳು

ಘಟೋತ್ಕಚನ ಅಸ್ಥಿಪಂಜರ ಸಿಕ್ಕಿದೆ ಎಂಬ ಫೋಟೋ ನಿಮ್ಮ ಮೊಬೈಲಿಗೂ ಒಮ್ಮೆಯಾದರೂ ಬಂದಿರಬೇಕು. ಅಗೆದ ಗುಂಡಿಯಲ್ಲಿ ಮನುಷ್ಯನದೇ ಆಕಾರದ ಭಾರೀ ಅಸ್ಥಿಪಂಜರ, ಪಕ್ಕದಲ್ಲಿ ಸಲಿಕೆ ಹಿಡಿದ ಒಬ್ಬ ಕೆಲಸಗಾರ. ಆ ಬುರುಡೆಯ ಮುಂದೆ ಅವನು ತೀರ ಪುಟ್ಟವನು. ಉತ್ತರ ಭಾರತದಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ತಂಡ ಸೇನೆಯ ನೆರವಿನಿಂದ ಇದನ್ನು ಅಗೆದು ತೆಗೆದಿದೆ, ಭೀಮನ ಮಗನಂಥ ದೈತ್ಯರು ಇದ್ದರೆಂಬುದಕ್ಕೆ ಇದೇ ಸಾಕ್ಷಿ ಎಂದು ಜತೆಗೊಂದು ಒಕ್ಕಣೆ. ಸಾಯುವ ಗಳಿಗೆಯಲ್ಲಿ ಮೈಯನ್ನು ಬೆಟ್ಟದಷ್ಟು ಬೆಳೆಸಿ ಕೌರವ ಸೇನೆಯ ಮೇಲೆ ಬಿದ್ದವನ ಕಥೆ ಕೇಳಿ ಬೆಳೆದ ನಮ್ಮ ಜನಕ್ಕೆ ಆ ಅಳತೆ ಅಸಹಜ ಅನಿಸಲಿಲ್ಲ. 2007ರಲ್ಲಿ ಮುಂಬೈನ ಮಾಸಪತ್ರಿಕೆಯೊಂದು ಇದನ್ನು ಸುದ್ದಿಯಾಗಿ ಅಚ್ಚುಹಾಕಿ ಬಳಿಕ ಹಿಂತೆಗೆದುಕೊಂಡಿತು. ಅದಕ್ಕೂ ಮುಂಚೆ, 2004ರಲ್ಲಿ, ಬಾಂಗ್ಲಾದೇಶದ ಪತ್ರಿಕೆಯೊಂದರ ಪ್ರಕಾರ ಈ ದೈತ್ಯ ಸಿಕ್ಕಿದ್ದು ಸೌದಿ ಅರೇಬಿಯಾದ ಮರುಭೂಮಿಯಲ್ಲಿ. ಕೊನೆಗೆ 2007ರ ಡಿಸೆಂಬರಿನಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ಸಂಸ್ಥೆಯೇ ಇದು ಕಟ್ಟಿದ ಚಿತ್ರ ಎಂದು ಬರೆಯಬೇಕಾಯಿತು.

ಕಟ್ಟಿದವರು ಯಾರನ್ನೂ ವಂಚಿಸಲು ಹೊರಟಿರಲಿಲ್ಲ. ಅದು ಒಂದು ಸ್ಪರ್ಧೆಯ ಚಿತ್ರ. 2002ರಲ್ಲಿ ‘ವರ್ತ್1000’ ಎಂಬ ಅಂತರ್ಜಾಲ ಕೂಟ ‘ಪುರಾತತ್ವದ ವೈಚಿತ್ರ್ಯಗಳು’ ಎಂಬ ವಿಷಯ ಕೊಟ್ಟು, ನಂಬುವಂಥ ಸುಳ್ಳು ಉತ್ಖನನದ ಚಿತ್ರ ಮಾಡಿ ಕಳಿಸಿ ಎಂದು ಸದಸ್ಯರನ್ನು ಕೇಳಿತ್ತು. ‘ಐರನ್‌ಕೈಟ್’ ಎಂಬ ಹೆಸರಿನಲ್ಲಿ ಆಡುತ್ತಿದ್ದ ಕಲಾವಿದರೊಬ್ಬರು ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ 2000ದಲ್ಲಿ ನಡೆದ ಉತ್ಖನನದ ಫೋಟೋ ತೆಗೆದುಕೊಂಡರು. ಅಲ್ಲಿ ನಿಜವಾಗಿ ಸಿಕ್ಕಿದ್ದು ಆನೆಯ ಪ್ರಾಚೀನ ಬಂಧುವಾದ ಮ್ಯಾಸ್ಟಡಾನಿನ ಮೂಳೆಗಳು. ಅವುಗಳ ಜಾಗದಲ್ಲಿ ಮನುಷ್ಯನ ಅಸ್ಥಿಪಂಜರ ಕೂರಿಸಿದರು. ಸ್ಪರ್ಧೆಯಲ್ಲಿ ಅದಕ್ಕೆ ಬಂದದ್ದು ಮೂರನೇ ಸ್ಥಾನ. ಅರ್ಧ ಜಗತ್ತು ನಂಬಿದ ಚಿತ್ರಕ್ಕಿಂತ ಮೇಲಾದವು ಅದೇ ಕೂಟದಲ್ಲಿ ಇನ್ನೆರಡು ಇದ್ದವು ಎಂಬುದೇ ಅಲ್ಲಿನ ಕೈಗಳು ಎಂಥವು ಎಂದು ಹೇಳುತ್ತದೆ.

ಫೋಟೋ ಎಡಿಟಿಂಗ್ ಎಂದರೆ ಈಗ ನಮ್ಮಲ್ಲಿ ಮುಖ ಸಿಂಡರಿಸುವವರೇ ಹೆಚ್ಚು. ಚುನಾವಣೆ ಬಂದರೆ ಸುಳ್ಳು ಚಿತ್ರ, ಜಗಳ ಬಂದರೆ ಸುಳ್ಳು ಚಿತ್ರ. ಆ ಬೇಸರ ನ್ಯಾಯವಾದದ್ದೇ. ಆದರೆ ಇದೇ ವಿದ್ಯೆಯನ್ನು ನಾಲ್ಕು ಜನರ ನಡುವೆ, ಎಲ್ಲರಿಗೂ ಹೇಳಿ, ಪೈಪೋಟಿಯ ಖುಷಿಗಾಗಿ ಆಡುವ ಒಂದು ಲೋಕ ಇದೆ. ಕಾಲು ಶತಮಾನದಿಂದ ಅದು ಸಾವಿರಾರು ಜನರಿಗೆ ಕಣ್ಣು ಕೊಟ್ಟಿದೆ, ಕೆಲಸವನ್ನೂ ಕಲಿಸಿದೆ. ಆ ಲೋಕದ ಬಗ್ಗೆ ನನಗೆ ದೊಡ್ಡ ಗೌರವ.

ವರ್ತ್1000 ಶುರುವಾದದ್ದು 2002ರ ಆರಂಭದಲ್ಲಿ, ನ್ಯೂಯಾರ್ಕಿನ ಅವಿ ಮುಚ್ನಿಕ್ ಅವರಿಂದ. ಅದೇ ವರ್ಷ ಅಡೋಬಿ ಕಂಪನಿ ಫೋಟೋಶಾಪ್ 7 ತಂದಿತ್ತು. ಚರ್ಮದ ಮೇಲಿನ ಕಲೆ, ಗೋಡೆಯ ಮೇಲಿನ ಬಿರುಕುಗಳನ್ನು ಸುತ್ತಲಿನ ಮೇಲ್ಮೈಗೆ ಹೊಂದಿಸಿ ಮುಚ್ಚುವ ‘ಹೀಲಿಂಗ್ ಬ್ರಶ್’ ಮೊದಲು ಬಂದದ್ದು ಅದರಲ್ಲೇ. ಡಿಜಿಟಲ್ ಕ್ಯಾಮೆರಾ ಮನೆಗಳಿಗೆ ಕಾಲಿಡುತ್ತಿದ್ದ ಹೊತ್ತು. ಆಡುವ ಮನಸ್ಸಿನವರಿಗೆ ಸಾಮಾನು ಸಿಕ್ಕಿತ್ತು, ಅಂಗಳ ಬೇಕಿತ್ತು. ಅಮೆರಿಕದ ‘ಫಾರ್ಕ್’, ಬ್ರಿಟನ್ನಿನ ‘ಬೀಟಾ’ದಂಥ ತಾಣಗಳಲ್ಲಿ ತಮಾಷೆಯ ಚಿತ್ರಗಳ ಜುಗಲ್‌ಬಂದಿ ಆಗಲೇ ನಡೆಯುತ್ತಿತ್ತು. ವರ್ತ್1000 ಅದನ್ನು ಗಂಭೀರ ಕುಸುರಿಯ ಕಡೆಗೆ ಎಳೆಯಿತು.

ವಿಷಯಗಳೇ ಚೆಂದ. ಎರಡು ಪ್ರಾಣಿಗಳನ್ನು ಬೆರೆಸಿ ಮೂರನೆಯದನ್ನು ಹುಟ್ಟಿಸಬೇಕು. ಇಂದಿನ ಸಿನಿಮಾ ತಾರೆಯರನ್ನು ಐನೂರು ವರ್ಷ ಹಳೆಯ ಯುರೋಪಿನ ತೈಲಚಿತ್ರಗಳಲ್ಲಿ ಕೂರಿಸಬೇಕು, ಬಣ್ಣದ ಪದರದಲ್ಲಿ ಎದ್ದ ಬಿರುಕುಗಳ ಸಮೇತ. ‘ಅದೃಶ್ಯ ಲೋಕ’ ಎಂಬ ಸರಣಿಯಲ್ಲಿ ಮನುಷ್ಯರನ್ನು ಅಳಿಸಿ ಬಟ್ಟೆಗಳನ್ನು ಮಾತ್ರ ಉಳಿಸಬೇಕು. ಈ ಕೊನೆಯದು ಕೇಳಲು ಸುಲಭ, ಮಾಡಲು ಮಹಾ ಕಷ್ಟ. ಕತ್ತು ಮಾಯವಾದರೆ ಕಾಲರಿನ ಒಳಭಾಗ ಕಾಣಬೇಕು. ಮೂಲ ಫೋಟೋದಲ್ಲಿ ಆ ಒಳಭಾಗ ಎಲ್ಲಿದೆ? ಅದನ್ನು ಬೇರೊಂದು ಅಂಗಿಯಿಂದ ತರಬೇಕು, ಇಲ್ಲವೇ ಎಳೆ ಎಳೆಯಾಗಿ ಬಿಡಿಸಬೇಕು. ತೋಳಿನೊಳಗೆ ಕತ್ತಲು ಎಷ್ಟು ಆಳಕ್ಕೆ ಹೋಗುತ್ತದೆ, ಕೈಯಿಲ್ಲದ ಬಳೆಯ ನೆರಳು ಸೀರೆಯ ಮೇಲೆ ಎಲ್ಲಿ ಬೀಳುತ್ತದೆ ಎಂಬುದನ್ನೆಲ್ಲ ಯೋಚಿಸಬೇಕು.

ಇಲ್ಲಿಂದ ನಿಜವಾದ ಕಸುಬು ಆರಂಭ. ಒಂದು ಫೋಟೋದಿಂದ ಆಕೃತಿಯನ್ನು ಕತ್ತರಿಸಿ ಇನ್ನೊಂದರ ಮೇಲೆ ಇಡುವುದನ್ನು ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. 1994ರಲ್ಲಿ ಫೋಟೋಶಾಪ್‌ಗೆ ‘ಲೇಯರ್’ ಬಂದ ಮೇಲಂತೂ ಕತ್ತರಿಸಿದ್ದು ಹಿನ್ನೆಲೆಗೆ ಅಂಟಿಕೊಳ್ಳದೆ ಬೇರೆ ಪದರವಾಗಿ ನಿಲ್ಲುತ್ತದೆ, ಬೇಕಾದಾಗ ಸರಿಸಬಹುದು. ಇಟ್ಟದ್ದು ಅಲ್ಲೇ ಇತ್ತು ಅನಿಸುವ ಹಾಗೆ ಮಾಡುವುದು ಬೇರೆಯೇ ವಿದ್ಯೆ.

ಪಳಗಿದವರು ಮೊದಲು ಕೇಳುವುದು, ಬೆಳಕು ಎಲ್ಲಿಂದ? ಹಿನ್ನೆಲೆಯಲ್ಲಿ ಸೂರ್ಯ ಎಡಕ್ಕಿದ್ದು, ತಂದಿಟ್ಟ ಮನುಷ್ಯನ ಬಲಗೆನ್ನೆ ಹೊಳೆಯುತ್ತಿದ್ದರೆ ಉಳಿದ ಕೆಲಸವೆಲ್ಲ ವ್ಯರ್ಥ. ಆಮೇಲೆ ಬೆಳಕಿನ ಗುಣ: ಮೋಡದ ದಿನದ ಮುಖವನ್ನು ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ತಂದರೆ ಅದು ತೇಲುತ್ತದೆ. ಮೂರನೆಯದು ಕ್ಯಾಮೆರಾದ ಎತ್ತರ. ಹಿನ್ನೆಲೆಯನ್ನು ನೆಲಕ್ಕೆ ಕೂತು ತೆಗೆದಿದ್ದು, ಆಕೃತಿಯನ್ನು ಮಹಡಿಯಿಂದ ತೆಗೆದಿದ್ದರೆ ಯಾವ ಉಪಕರಣವೂ ಅವೆರಡನ್ನು ಒಂದಾಗಿಸಲಾರದು. ಸೋಲುವ ಹೊಸಬರಲ್ಲಿ ಬಹುಪಾಲು ಸೋಲುವುದು ಇಲ್ಲೇ. ಅವರು ಸಾಫ್ಟ್‌ವೇರ್ ಬೈಯುತ್ತಾರೆ, ತಪ್ಪಿದ್ದು ಫೋಟೋದ ಆಯ್ಕೆ.

ನೆರಳಿನಲ್ಲೂ ಎರಡು ಬಗೆ. ದೂರಕ್ಕೆ ಚಾಚುವ ನೆರಳನ್ನು ಎಲ್ಲರೂ ಹಾಕುತ್ತಾರೆ. ಪಾದ ನೆಲವನ್ನು ಮುಟ್ಟುವಲ್ಲಿ ಬೀಳುವ ಸಣ್ಣ, ದಟ್ಟ ಕಪ್ಪನ್ನು ಮರೆಯುತ್ತಾರೆ. ಅದಿಲ್ಲದಿದ್ದರೆ ಆನೆಯೂ ಭಾರವಿಲ್ಲದೆ ನಿಲ್ಲುತ್ತದೆ. ಇನ್ನು ಬಣ್ಣಗಳು ಒಂದರ ಮೇಲೊಂದು ಚೆಲ್ಲುವ ಪರಿ. ಅಡಕೆ ತೋಟದೊಳಗೆ ನಿಂತವರ ಬಿಳಿ ಪಂಚೆ ಎಂದೂ ಪೂರ್ತಿ ಬಿಳಿಯಲ್ಲ, ಹಸಿರು ಅದರ ಮಡಿಕೆಗಳಿಗೆ ಇಳಿದಿರುತ್ತದೆ. ಸ್ಟುಡಿಯೋದಲ್ಲಿ ತೆಗೆದ ಪಂಚೆಯನ್ನು ತೋಟಕ್ಕೆ ತರುವವರು ಆ ಹಸಿರನ್ನು ಕೈಯಾರೆ ಬಳಿಯಬೇಕು. ಕೊನೆಯದಾಗಿ ಕಾಳು. ಮಂದ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಸಣ್ಣ ಚುಕ್ಕೆಗಳ ಗದ್ದಲವಿರುತ್ತದೆ. ತಂದಿಟ್ಟ ವಸ್ತು ನುಣುಪಾಗಿದ್ದರೆ ಕಣ್ಣು ಕಾರಣ ತಿಳಿಯದೆಯೇ ಅನುಮಾನಿಸುತ್ತದೆ. ಆದ್ದರಿಂದ ನುರಿತವರು ಎಲ್ಲ ಮುಗಿದ ಮೇಲೆ ಇಡೀ ಚಿತ್ರದ ಮೇಲೆ ಒಂದೇ ಹದದ ಕಾಳನ್ನು ಉದುರಿಸುತ್ತಾರೆ.

ಇದನ್ನೆಲ್ಲ ತಿಳಿದು ಆ ದೈತ್ಯನ ಚಿತ್ರವನ್ನು ಮತ್ತೆ ನೋಡಿದರೆ ಅದು ನಂಬಿಸಿದ್ದು ಹೇಗೆ ಎಂದು ಹೊಳೆಯುತ್ತದೆ. ಉತ್ಖನನದ ಹಿನ್ನೆಲೆ ನಿಜವಾದದ್ದು. ಕೆದಕಿದ ಮಣ್ಣು, ಗುಂಡಿಯ ಅಂಚು, ಕೆಲಸದ ಹಲಗೆಗಳು ಎಲ್ಲವೂ ನಿಜ. ಸುಳ್ಳು ಒಂದೇ, ಅದು ನಟ್ಟನಡುವೆ ಇದೆ, ಸುತ್ತಲಿನ ನಿಜಗಳು ಅದನ್ನು ಎತ್ತಿ ಹಿಡಿದಿವೆ.

ಕೂಟದ ಒಳಗೆ ಈ ಚಿತ್ರಕ್ಕೆ ಬೇರೆಯೇ ಬಾಳು. ಅಲ್ಲಿ ನೋಡುವ ಪ್ರತಿಯೊಬ್ಬರಿಗೂ ವಿಷಯ ಗೊತ್ತು, ಸ್ಪರ್ಧೆ ಎಂದು ಗೊತ್ತು. ಮೂಲ ಫೋಟೋ ಯಾವುದು ಎಂದು ತೋರಿಸುವುದು ಇಂಥ ಕೂಟಗಳಲ್ಲಿ ಮರ್ಯಾದೆಯ ಪ್ರಶ್ನೆ. ಎಷ್ಟೋ ಜನ ತಮ್ಮ ಕೆಲಸವನ್ನು ಪದರ ಪದರವಾಗಿ ಬಿಚ್ಚಿ, ಯಾವ ಹಂತದಲ್ಲಿ ಏನು ಮಾಡಿದೆವು ಎಂದು ಎದುರಾಳಿಗಳಿಗೇ ವಿವರಿಸುತ್ತಾರೆ. ‘ಎಡಗಾಲಿನ ನೆರಳು ಹಗುರಾಯಿತು’, ‘ಕೂದಲಿನ ಅಂಚಿನಲ್ಲಿ ಹಳೆಯ ಆಕಾಶದ ನೀಲಿ ಉಳಿದಿದೆ’ ಎಂದು ಇನ್ನೊಬ್ಬರು ಹೇಳುತ್ತಾರೆ, ಹೇಳಿಸಿಕೊಂಡವರು ಮುಂದಿನ ಬಾರಿ ತಿದ್ದಿಕೊಂಡು ಬರುತ್ತಾರೆ. ಯಾವ ಕಾಲೇಜಿನ ತರಗತಿಯಲ್ಲೂ ಇಷ್ಟು ಸೂಕ್ಷ್ಮವಾದ ತಿದ್ದುವಿಕೆ ಇಷ್ಟು ಸಲೀಸಾಗಿ ಸಿಗುವುದು ಅಪರೂಪ. ಚಿತ್ರ ಆ ಮನೆಯ ಹೊಸಿಲು ದಾಟಿದಾಗ ವಿಷಯದ ಹೆಸರು, ಸ್ಪರ್ಧೆಯ ಗುರುತು, ಮೂಲ ಫೋಟೋ ಮೂರೂ ಹಿಂದೆ ಉಳಿದವು. ಉಳಿದದ್ದು ಬರಿಯ ಚಿತ್ರ. ಯಾರೋ ಅದಕ್ಕೆ ಹೊಸ ಒಕ್ಕಣೆ ಹೊಲಿದರು. ಮೋಸ ಆದದ್ದು ಆ ಹೊಲಿಗೆಯಲ್ಲಿ.

ಹೇಳಿ ಕಟ್ಟುವ ಈ ಸುಳ್ಳು ಕಂಪ್ಯೂಟರಿಗಿಂತ ಬಹಳ ಹಳೆಯದು. 1857ರಲ್ಲಿ ಆಸ್ಕರ್ ರೆಯ್ಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಒಂದಾಗಿ ಸೇರಿಸಿ ಮುದ್ರಿಸಿ ‘ಬದುಕಿನ ಎರಡು ದಾರಿಗಳು’ ಎಂಬ ಚಿತ್ರ ಕಟ್ಟಿ ಮ್ಯಾಂಚೆಸ್ಟರಿನ ಪ್ರದರ್ಶನದಲ್ಲಿಟ್ಟರು. ವಿಕ್ಟೋರಿಯಾ ರಾಣಿ ಅದರ ಪ್ರತಿಯೊಂದನ್ನು ಕೊಂಡರು. ಮರುವರ್ಷ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್‌ಗಳಿಂದ ಸಾವಿನ ಅಂಚಿನಲ್ಲಿರುವ ಹುಡುಗಿಯ ಚಿತ್ರ ಮಾಡಿದರು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ವಿಲಿಯಂ ಮಾರ್ಟಿನ್ ಎಂಬ ಛಾಯಾಗ್ರಾಹಕ ಗಾಡಿ ತುಂಬುವ ಜೋಳದ ತೆನೆಗಳ ಪೋಸ್ಟ್ ಕಾರ್ಡುಗಳನ್ನು ಅಚ್ಚುಹಾಕಿ ಮಾರಿದರು. ಒಂದು ಫೋಟೋ ಕತ್ತರಿಸಿ ಇನ್ನೊಂದರ ಮೇಲೆ ಅಂಟಿಸಿ ಮತ್ತೆ ಕ್ಯಾಮೆರಾದಲ್ಲಿ ಹಿಡಿಯುವುದು ಅವರ ವಿಧಾನ. ಬರ, ಮಿಡತೆ ದಾಳಿ ಉಂಡಿದ್ದ ಆ ಸೀಮೆಯ ರೈತರು ಅವನ್ನು ಕೊಂಡು ನೆಂಟರಿಗೆ ಕಳಿಸಿದರು. ಅಂಥ ಜೋಳ ಬೆಳೆದಿಲ್ಲ ಎಂದು ಕಳಿಸಿದವರಿಗೂ ಗೊತ್ತು, ಪಡೆದವರಿಗೂ ಗೊತ್ತು.

ನಮ್ಮ ಊರುಗಳ ಸ್ಟುಡಿಯೋಗಳೂ ಈ ಕೆಲಸ ಬಲ್ಲವು. ಅಜ್ಜನ ಒಂದು ಹಳೇ ಫೋಟೋ, ಅಜ್ಜಿಯ ಇನ್ನೊಂದು ಫೋಟೋ ತಂದುಕೊಟ್ಟರೆ ಇಬ್ಬರೂ ಅಕ್ಕಪಕ್ಕ ಕೂತ ಚಿತ್ರ ಮಾಡಿ, ಕಟ್ಟು ಹಾಕಿ ಕೊಡುತ್ತಿದ್ದರು. ‘ಬಭ್ರುವಾಹನ’ ಸಿನಿಮಾದಲ್ಲಿ ಅರ್ಜುನನೂ ಬಭ್ರುವಾಹನನೂ ಎದುರುಬದುರು ನಿಂತು ಸವಾಲು ಹಾಕಿಕೊಳ್ಳುವಾಗ, ಇಬ್ಬರೂ ರಾಜ್‌ಕುಮಾರ್ ಎಂದು ತಿಳಿದೇ 1977ರ ಪ್ರೇಕ್ಷಕರು ಶಿಳ್ಳೆ ಹೊಡೆದದ್ದು. ಮಸೂರದ ಅರ್ಧ ಮುಚ್ಚಿ ಒಮ್ಮೆ ಚಿತ್ರೀಕರಿಸಿ, ರೀಲನ್ನು ಹಿಂದಕ್ಕೆ ಸುತ್ತಿ, ಉಳಿದರ್ಧದಲ್ಲಿ ಅದೇ ನಟನನ್ನು ಹಿಡಿಯುವುದು ಆ ಕಾಲದ ದ್ವಿಪಾತ್ರಗಳ ಹಳೆಯ ತಂತ್ರ. ತಂತ್ರ ಗೊತ್ತಿರುವುದರಿಂದ ಖುಷಿ ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು.

ವರ್ತ್1000ರ ಸ್ಪರ್ಧೆಗಳು 2013ರಲ್ಲಿ ನಿಂತವು. ಮುಚ್ನಿಕ್ ಅಷ್ಟರಲ್ಲಿ ‘ಏವಿಯರಿ’ ಎಂಬ ಎಡಿಟಿಂಗ್ ಸಲಕರಣೆಗಳ ಕಂಪನಿ ಕಟ್ಟಿದ್ದರು, ಅದನ್ನು 2014ರಲ್ಲಿ ಅಡೋಬಿಯೇ ಕೊಂಡಿತು. ಆಟ ಈಗ ರೆಡ್ಡಿಟ್‌ನ ‘ಫೋಟೋಶಾಪ್ ಬ್ಯಾಟಲ್ಸ್’ನಂಥ ಅಂಗಳಗಳಲ್ಲಿ ನಡೆಯುತ್ತದೆ: ಒಬ್ಬರು ವಿಚಿತ್ರ ಭಂಗಿಯ ಒಂದು ಫೋಟೋ ಇಡುತ್ತಾರೆ, ಉಳಿದವರು ಚಿತ್ರದಲ್ಲೇ ಉತ್ತರಿಸುತ್ತಾರೆ. 2021ರ ಜನವರಿಯಲ್ಲಿ ಉಣ್ಣೆಯ ಕೈಗವಸು ತೊಟ್ಟು ಮುದುರಿ ಕೂತ ಅಮೆರಿಕದ ಸೆನೆಟರ್ ಬರ್ನಿ ಸ್ಯಾಂಡರ್ಸ್ ಅವರ ಫೋಟೋ ಜಗತ್ತಿನ ಎಲ್ಲ ಊರುಗಳ ಕಟ್ಟೆಗಳ ಮೇಲೆ ಕೂತದ್ದು ಇದೇ ಆಟದ ಬೀದಿ ಉತ್ಸವ. ಆ ಚಿತ್ರವಿದ್ದ ಬಟ್ಟೆಬರೆ ಮಾರಿ ಅವರ ತಂಡ 18 ಲಕ್ಷ ಡಾಲರ್ ಸಂಗ್ರಹಿಸಿ ವರ್ಮಾಂಟ್ ರಾಜ್ಯದ ಸೇವಾ ಸಂಸ್ಥೆಗಳಿಗೆ ಕೊಟ್ಟಿತು.

2023ರಿಂದ ಫೋಟೋಶಾಪ್‌ನೊಳಗೇ ಚಿತ್ರ ಹುಟ್ಟಿಸುವ ಕೃತಕ ಬುದ್ಧಿಮತ್ತೆ ಬಂದಿದೆ. ಬೇಕಾದ್ದನ್ನು ಬರೆದರೆ ಯಂತ್ರ ತುಂಬಿಕೊಡುತ್ತದೆ. ಹಾಗೆ ಬಂದ ಚಿತ್ರ ಎಷ್ಟೇ ಚೆನ್ನಾಗಿರಲಿ, ಅದರಿಂದ ನೆರಳಿನ ಪಾಠ ಕಲಿಯಲಾಗದು ಎಂಬುದು ನನ್ನ ನಿಲುವು. ಪಂಚೆಗೆ ಹಸಿರು ಬಳಿದವರಿಗೆ ಮುಂದೆ ಯಾರಾದರೂ ಸುಳ್ಳು ಫೋಟೋ ಕಳಿಸಿದಾಗ ಹಸಿರಿಲ್ಲದ ಪಂಚೆ ತಟ್ಟನೆ ಕಾಣುತ್ತದೆ. ಆ ಕಣ್ಣು ನಮ್ಮ ಮಕ್ಕಳಿಗೆ ಇಂದು ತುರ್ತಾಗಿ ಬೇಕು.

ಹೀಗಾಗಿ ನಮ್ಮ ಫೋಟೋ ಕ್ಲಬ್ಬುಗಳು, ಕಾಲೇಜುಗಳು ಇಂಥ ಸ್ಪರ್ಧೆಗಳನ್ನು ನಡೆಸಬೇಕು. ಹಣ ಬೇಕಿಲ್ಲ. ‘ಗಿಂಪ್’ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಮುಕ್ತ ಪರವಾನಗಿಯ ಫೋಟೋಗಳು ವಿಕಿಮೀಡಿಯ ಕಾಮನ್ಸ್‌ನಲ್ಲಿ ಧಾರಾಳವಾಗಿವೆ. ನಿಯಮ ಮೂರು ಸಾಕು. ಮೂಲ ಫೋಟೋ ಚಿತ್ರದ ಜತೆಗೇ ಇರಬೇಕು. ಸ್ಪರ್ಧೆಯ ಹೆಸರು ಚಿತ್ರದ ಮೇಲೆಯೇ, ಕತ್ತರಿಸಲಾಗದ ಜಾಗದಲ್ಲಿ ಅಚ್ಚಾಗಬೇಕು. ಒಪ್ಪಿಗೆಯಿಲ್ಲದೆ ಯಾರ ಮುಖವನ್ನೂ ಮುಟ್ಟಬಾರದು. ಸಹಪಾಠಿ ಹೆಣ್ಣುಮಕ್ಕಳ ಫೋಟೋ ತಿರುಚಿ ಹಿಂಸಿಸುವ ಸುದ್ದಿಗಳನ್ನು ನಾವು ಓದುತ್ತಲೇ ಇದ್ದೇವೆ, ಈ ವಿಚಾರದಲ್ಲಿ ಸಡಿಲಿಕೆ ಕೂಡದು.

ಮೊದಲ ವಿಷಯ ಹಂಪಿಯ ಕಲ್ಲಿನ ರಥ ಇರಲಿ: ರಥ ವಿಠ್ಠಲ ದೇವಾಲಯದ ಅಂಗಳ ಬಿಟ್ಟು ಊರ ದಾರಿಯಲ್ಲಿ ಹೊರಟಿದೆ. ಮುಂದಿನ ಎರಡು ಆನೆಗಳ ಕಾಲು ಮಣ್ಣಿಗೆ ಎಷ್ಟು ಇಳಿಯಬೇಕು? ಉರುಳುವ ಗಾಲಿಯ ಕೆತ್ತನೆ ಎಷ್ಟು ಮಸುಕಾಗಬೇಕು? ಬೆಳಗಿನ ಬಿಸಿಲಿನಲ್ಲಿ ತೆಗೆದ ರಥವಾದರೆ ದಾರಿಯ ಫೋಟೋವನ್ನೂ ಬೆಳಗ್ಗೆಯೇ, ಸೂರ್ಯನನ್ನು ಅದೇ ಬದಿಗಿಟ್ಟುಕೊಂಡು ತೆಗೆಯಬೇಕಾಗುತ್ತದೆ. ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು ಎಂದು ಮೊದಲು ಬರೆದಿಟ್ಟುಕೊಳ್ಳಿ.